ಟಾನ್ಸಿಲ್ ತೆಗೆಸಿದರೆ ಮಗುವಿನ ರೋಗನಿರೋಧಕ ಶಕ್ತಿ ಕುಂದುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ, ತೂಕ 18 ಕೆಜಿ. ಹೋದ ವರ್ಷ ನಾಲ್ಕು ಸಲ ಗಂಟಲುನೋವು, ಜ್ವರ ಬಂದಿತ್ತು. ರಾತ್ರಿ ಬಾಯಿ ತೆರೆದುಕೊಂಡೇ ಮಲಗುತ್ತಾನೆ, ಗೊರಕೆ ಪಕ್ಕದ ಕೋಣೆಗೂ ಕೇಳಿಸುತ್ತದೆ. ಇಎನ್‌ಟಿ ಡಾಕ್ಟರು ಟಾನ್ಸಿಲ್, ಅಡಿನಾಯ್ಡ್ ಎರಡೂ ದೊಡ್ಡದಾಗಿವೆ, ಆಪರೇಷನ್ ಮಾಡಿಸಿ ಅಂದಿದ್ದಾರೆ. ನಮ್ಮ ಅತ್ತೆ ಮಾತ್ರ, "ಅದು ದೇವರು ಕೊಟ್ಟ ಕಾವಲು, ತೆಗೆಸಿದರೆ ಮಗು ಪದೇ ಪದೇ ಕಾಯಿಲೆ ಬೀಳುತ್ತೆ" ಅಂತ ಒಪ್ಪುತ್ತಿಲ್ಲ. ಯಾರ ಮಾತು ಕೇಳಲಿ? (ಒಬ್ಬ ತಾಯಿ, ಹಾಸನ)

ಉತ್ತರ: ನಿಮ್ಮ ಅತ್ತೆಯವರ ಮಾತಿನ ಮೊದಲರ್ಧ ಸರಿ, ಎರಡನೆಯದು ಸರಿಯಲ್ಲ. ಟಾನ್ಸಿಲ್ ಮತ್ತು ಅಡಿನಾಯ್ಡ್ ಕಾವಲಿನ ಕೆಲಸವನ್ನೇ ಮಾಡುತ್ತವೆ. ಆದರೆ ಅವು ಇಷ್ಟರವರೆಗೆ ಕಲಿಸಿದ್ದು ದೇಹದಲ್ಲೇ ಉಳಿಯುತ್ತದೆ, ಮುಂದಿನ ಕೆಲಸ ಮಾಡಲು ದೇಹದಲ್ಲಿ ಬೇರೆಯವರಿದ್ದಾರೆ. ಹಾಗಾಗಿ ತೆಗೆಸುವ ತೀರ್ಮಾನವನ್ನು ರೋಗನಿರೋಧಕ ಶಕ್ತಿ ಹೋದೀತೆಂಬ ಭಯದ ಮೇಲೆ ನಿಲ್ಲಿಸಬೇಡಿ. ಟಾನ್ಸಿಲ್ ದೊಡ್ಡದಾಗಿ ಕಾಣುತ್ತದೆ ಎಂಬುದೊಂದರ ಮೇಲೂ ನಿಲ್ಲಿಸಬೇಡಿ. ನಿಮ್ಮ ಮಗನ ವಿಷಯದಲ್ಲಿ ನೋಡಬೇಕಾದ್ದು ರಾತ್ರಿಯ ಉಸಿರು.

ಈ ಅಂಗಗಳು ಏನು ಮಾಡುತ್ತವೆ ಎಂಬುದನ್ನು ಮೊದಲು ಹೇಳುತ್ತೇನೆ. ಮೂಗು, ಬಾಯಿ ಎರಡೂ ಗಂಟಲಿಗೆ ಸೇರುವ ಜಾಗದ ಸುತ್ತ ಒಂದೇ ಬಗೆಯ ಅಂಗಾಂಶ ಉಂಗುರದ ಹಾಗೆ ಹರಡಿದೆ. ಜರ್ಮನಿಯ ಅಂಗರಚನಾ ತಜ್ಞ ವಾಲ್ಡೆಯರ್ 1884ರಲ್ಲಿ ಇದನ್ನು ವಿವರಿಸಿದ್ದರಿಂದ ವೈದ್ಯರು ಇದನ್ನು ವಾಲ್ಡೆಯರ್ ಉಂಗುರ ಎನ್ನುತ್ತಾರೆ. ಬಾಯಿ ತೆರೆದಾಗ ಕಿರುನಾಲಿಗೆಯ ಎಡಬಲಕ್ಕೆ ಕಾಣುವ ಎರಡು ಉಂಡೆಗಳು ಟಾನ್ಸಿಲ್. ಅಡಿನಾಯ್ಡ್ ಇರುವುದು ಮೂಗಿನ ಹಿಂಬದಿಯಲ್ಲಿ, ಅಂಗುಳದ ಮೇಲ್ಗಡೆ. ಬಾಯಿಯಿಂದ ಎಷ್ಟು ಬಗ್ಗಿ ನೋಡಿದರೂ ಕಾಣುವುದಿಲ್ಲ, ಎಕ್ಸ್‌ರೇ ಅಥವಾ ಮೂಗಿನೊಳಗೆ ಬಿಡುವ ಸಣ್ಣ ದುರ್ಬೀನು ಬೇಕು. ಇವಲ್ಲದೆ ನಾಲಿಗೆಯ ಬುಡದಲ್ಲಿ ಒಂದು ಪದರ, ಕಿವಿಯಿಂದ ಗಂಟಲಿಗೆ ಬರುವ ನಾಳದ ಬಾಯಲ್ಲಿ ಎರಡು ಚಿಕ್ಕ ತುಣುಕು ಇದೇ ಉಂಗುರಕ್ಕೆ ಸೇರಿವೆ. ಆಪರೇಷನ್ ಮಾಡಿದರೂ ಇವು ಅಲ್ಲೇ ಉಳಿಯುತ್ತವೆ.

ಕುತ್ತಿಗೆಯಲ್ಲೋ ಕಂಕುಳಲ್ಲೋ ಇರುವ, ಸೋಂಕಾದಾಗ ಗಂಟಾಗಿ ಊದುವ ದುಗ್ಧಗ್ರಂಥಿಗೆ ರೋಗಾಣುವಿನ ಸುದ್ದಿ ನಾಳದ ಮೂಲಕ ಬರುತ್ತದೆ. ಟಾನ್ಸಿಲ್‌ಗೆ ಹಾಗೆ ತರುವ ನಾಳಗಳೇ ಇಲ್ಲ. ಅದು ನಾವು ಉಸಿರೆಳೆದ ಗಾಳಿ, ನುಂಗಿದ ಎಂಜಲು, ಅನ್ನದ ಅಗುಳು ಎಲ್ಲದರಿಂದಲೂ ನೇರವಾಗಿ ಮಾದರಿ ಹೆಕ್ಕುತ್ತದೆ. ಅದಕ್ಕಾಗಿಯೇ ಅದರ ಮೈತುಂಬ ಕುಳಿಗಳು. ಒಂದೊಂದು ಟಾನ್ಸಿಲ್‌ನಲ್ಲಿ ಹತ್ತರಿಂದ ಮೂವತ್ತು ಕುಳಿಗಳಿದ್ದು, ಕವಲೊಡೆಯುತ್ತಾ ಒಳಕ್ಕೆ ಇಳಿದಿರುತ್ತವೆ. ಹೊರಗಿನಿಂದ ಕಾಣುವ ಮೈಗಿಂತ ಒಳಗಿನ ಗೋಡೆಗಳ ವಿಸ್ತೀರ್ಣವೇ ಹಲವು ಪಟ್ಟು ಹೆಚ್ಚು. ಟಾನ್ಸಿಲ್‌ನ ಹೊರಮೈ ಬಾಯೊಳಗಿನ ಚರ್ಮದಷ್ಟೇ ದಪ್ಪ. ಕುಳಿಯ ತಳದಲ್ಲಿ ಮಾತ್ರ ಅದು ಬಲೆಯ ಹಾಗೆ ತೆಳುವಾಗಿ, ಜೀವಕೋಶಗಳ ನಡುವೆ ಬಿಳಿರಕ್ತಕಣಗಳು ತೂರಿಕೊಂಡಿರುತ್ತವೆ. ಅಲ್ಲಿರುವ ಎಂ ಕೋಶಗಳೆಂಬ ವಿಶೇಷ ಕೋಶಗಳು ಬ್ಯಾಕ್ಟೀರಿಯಾ, ವೈರಸ್‌ಗಳ ಚೂರುಗಳನ್ನು ಹಿಡಿದು ಒಳಗೆ ದಾಟಿಸುತ್ತವೆ. ಒಳಗೆ ಆ ಚೂರುಗಳನ್ನು ಟಿ ಕೋಶಗಳೆಂಬ ಬಿಳಿರಕ್ತಕಣಗಳು ಪರೀಕ್ಷಿಸುತ್ತವೆ, ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿರಕ್ತಕಣಗಳಿಗೆ ಒಪ್ಪಿಗೆ ಕೊಡುತ್ತವೆ. ಒಪ್ಪಿಗೆ ಸಿಕ್ಕ ಬಿ ಕೋಶ ಒಂದೇ ಜಾಗದಲ್ಲಿ ಬೇಗ ಬೇಗ ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಆ ರೋಗಾಣುವಿಗೆ ಚೆನ್ನಾಗಿ ಅಂಟುವ ಪ್ರತಿಕಾಯ ಮಾಡುವಂಥವು ಉಳಿಯುತ್ತವೆ, ಮಿಕ್ಕವು ಸಾಯುತ್ತವೆ. ಜ್ವರ ಬಂದಾಗ ಟಾನ್ಸಿಲ್ ಊದುವುದಕ್ಕೆ ಈ ದುಡಿಮೆಯೂ ಒಂದು ಕಾರಣ.

ನಿಮ್ಮ ಪ್ರಶ್ನೆಗೆ ಬಹಳ ಮುಖ್ಯವಾದ ಸಂಗತಿ ಇದರ ಮುಂದಿನದು. ಹೀಗೆ ತಯಾರಾದ ಕೋಶಗಳು ಟಾನ್ಸಿಲ್‌ನಲ್ಲೇ ಕೂತಿರುವುದಿಲ್ಲ. ರಕ್ತಕ್ಕೆ ಸೇರಿ ಮೂಗಿನ ಒಳಪದರ, ಶ್ವಾಸನಾಳ, ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿಗಳಿಗೆ ಹೋಗಿ ನೆಲೆಸುತ್ತವೆ. ನೆನಪಿನ ಕೋಶಗಳು ಮೂಳೆಮಜ್ಜೆಯಲ್ಲಿ, ಬೇರೆ ಗ್ರಂಥಿಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಶಾಲೆ ಮುಚ್ಚಿದ ಮಾತ್ರಕ್ಕೆ ಅಲ್ಲಿ ಓದಿ ಹೋದವರು ಅಕ್ಷರ ಮರೆಯುವುದಿಲ್ಲವಲ್ಲ, ಇದೂ ಹಾಗೆಯೇ. ಇವತ್ತು ಟಾನ್ಸಿಲ್ ತೆಗೆದರೂ ಹುಟ್ಟಿದಾಗಿನಿಂದ ಕಲಿತದ್ದು ದೇಹದಲ್ಲೇ ಇರುತ್ತದೆ.

ಟಾನ್ಸಿಲ್‌ಗೂ ಅಡಿನಾಯ್ಡ್‌ಗೂ ಸ್ವಲ್ಪ ವ್ಯತ್ಯಾಸವಿದೆ. ಮೂಗಿನ ಲೋಳೆಯಲ್ಲಿ ಕೆಲಸ ಮಾಡುವ ಐಜಿಎ ಎಂಬ ಪ್ರತಿಕಾಯವನ್ನು ಹೊರಕ್ಕೆ ಸಾಗಿಸುವ ವ್ಯವಸ್ಥೆ ಅಡಿನಾಯ್ಡ್‌ನ ಮೇಲ್ಪದರದಲ್ಲಿದೆ, ಟಾನ್ಸಿಲ್‌ನಲ್ಲಿ ಇಲ್ಲ. ಆದ್ದರಿಂದ ತೀರಾ ಚಿಕ್ಕ ಮಕ್ಕಳಲ್ಲಿ ಅಡಿನಾಯ್ಡ್ ತೆಗೆಯುವಾಗ ಹೆಚ್ಚು ಯೋಚಿಸಬೇಕು. ಈ ಎಚ್ಚರಿಕೆಗೆ ಹಳೆಯದೊಂದು ಆಧಾರವೂ ಇದೆ. ಪೋಲಿಯೊ ಹಾವಳಿಯ ಕಾಲದಲ್ಲಿ, ಟಾನ್ಸಿಲ್ ತೆಗೆಸಿಕೊಂಡ ಮಕ್ಕಳಿಗೆ ಉಸಿರಾಟ, ನುಂಗುವಿಕೆಯನ್ನು ಕೆಡಿಸುವ ಬಗೆಯ ಪೋಲಿಯೊ ಹೆಚ್ಚಾಗಿ ಬರುತ್ತಿದ್ದುದನ್ನು ವೈದ್ಯರು ಗಮನಿಸಿದ್ದರು. ಕಾಶ್ಮೀರ ಮೂಲದ ವಿಜ್ಞಾನಿ ಪ್ಯಾರೇ ಓಗ್ರಾ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆದ ಮಕ್ಕಳ ಮೂಗಿನ ಹಿಂಬದಿಯ ಸ್ರಾವದಲ್ಲಿ ಪೋಲಿಯೊ ವಿರುದ್ಧದ ಐಜಿಎ ಗಣನೀಯವಾಗಿ ಇಳಿದದ್ದು ಕಂಡಿತು. ಟಾನ್ಸಿಲ್ ನಿರುಪಯುಕ್ತ ಅಂಗ ಎಂಬ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಇಷ್ಟು ಸಾಕು. ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕದೆ ಇರುವುದೂ ಇದೇ ಕಾರಣಕ್ಕೆ.

ಆದರೂ ತೆಗೆಸಬಹುದು ಎನ್ನುವುದು ಯಾಕೆ? ವಯಸ್ಸು ಒಂದು ಕಾರಣ. ಟಾನ್ಸಿಲ್ ಚುರುಕಾಗಿರುವುದು ಸುಮಾರು ನಾಲ್ಕರಿಂದ ಹತ್ತು ವರ್ಷದವರೆಗೆ. ಅಡಿನಾಯ್ಡ್ ಮೂರರಿಂದ ಏಳು ವರ್ಷದ ನಡುವೆ ತನ್ನ ಜಾಗಕ್ಕೆ ಹೋಲಿಸಿದರೆ ಅತಿ ದೊಡ್ಡದಾಗಿರುತ್ತದೆ, ಹದಿಹರೆಯದಲ್ಲಿ ಕುಗ್ಗಿ ಬಹುತೇಕ ಮಾಯವಾಗುತ್ತದೆ. ಎರಡೂ ತಾವಾಗಿಯೇ ನಿವೃತ್ತರಾಗುವ ಅಂಗಗಳು. ಇನ್ನೊಂದು ಕಾರಣ, ಪದೇ ಪದೇ ಸೋಂಕಿಗೆ ಸಿಕ್ಕ ಟಾನ್ಸಿಲ್ ತನ್ನ ಕೆಲಸವನ್ನೇ ಸರಿಯಾಗಿ ಮಾಡುವುದಿಲ್ಲ. ಕುಳಿಯ ತಳದ ತೆಳು ಪದರ ದಪ್ಪಗಾಗಿ ಎಂ ಕೋಶಗಳು ಉದುರುತ್ತವೆ, ಮಾದರಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಅಲ್ಲೇ ಬ್ಯಾಕ್ಟೀರಿಯಾಗಳು ಅಂಟುಪದರ ಕಟ್ಟಿಕೊಂಡು ಕೂರುತ್ತವೆ, ಔಷಧ ಆ ಪದರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಆಪರೇಷನ್ ಆದ ಮೇಲೆ ರಕ್ತದಲ್ಲಿನ ಐಜಿಎ, ಐಜಿಜಿ ಎಂಬ ಪ್ರತಿಕಾಯಗಳ ಮಟ್ಟ ಸ್ವಲ್ಪ ಇಳಿಯುವುದನ್ನು ಹಲವು ಅಧ್ಯಯನಗಳು ಅಳೆದಿವೆ. ಆದರೆ ಅದು ಸಾಮಾನ್ಯವಾಗಿ ಆ ವಯಸ್ಸಿಗೆ ಇರಬೇಕಾದ ಮಿತಿಯೊಳಗೇ ಉಳಿಯುತ್ತದೆ.

ಅಂತರ್ಜಾಲದಲ್ಲಿ ಹುಡುಕಿದರೆ ನಿಮಗೆ ಡೆನ್ಮಾರ್ಕ್‌ನ ಅಧ್ಯಯನವೊಂದು ಖಂಡಿತ ಸಿಗುತ್ತದೆ, ಅದನ್ನು ಓದಿ ಗಾಬರಿಯಾಗುವುದೂ ಖಂಡಿತ. 2018ರಲ್ಲಿ ಪ್ರಕಟವಾದ ಇದು ಸುಮಾರು 12 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿ, ಒಂಬತ್ತು ವರ್ಷದೊಳಗೆ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಮೂಗು ಮತ್ತು ಗಂಟಲಿನ ಕಾಯಿಲೆಗಳು ಎರಡೂವರೆ ಪಟ್ಟಿಗೂ ಹೆಚ್ಚು ಎಂದಿತು. ಸಂಖ್ಯೆ ದೊಡ್ಡದು, ದಾಖಲೆ ಅಚ್ಚುಕಟ್ಟು. ಆದರೆ ಇದು ದಾಖಲೆ ನೋಡಿ ಮಾಡಿದ ಲೆಕ್ಕ. ಆಪರೇಷನ್‌ವರೆಗೆ ಹೋದ ಮಕ್ಕಳು ಮೊದಲೇ ಹೆಚ್ಚು ಸೋಂಕು, ಅಲರ್ಜಿ ಇದ್ದವರಾಗಿರುವ ಸಾಧ್ಯತೆ ಹೆಚ್ಚು. ಮುಂದೆಯೂ ಅವರಿಗೆ ಮೂಗು ಕಟ್ಟಿದರೆ ಅದು ಆಪರೇಷನ್‌ನಿಂದ ಬಂತೋ, ಅವರ ಮೈಗುಣದಿಂದ ಬಂತೋ ಎಂದು ಈ ವಿಧಾನದಿಂದ ಪೂರ್ತಿ ಬೇರ್ಪಡಿಸಲು ಆಗದು. ನನ್ನ ಅಭಿಪ್ರಾಯದಲ್ಲಿ ಈ ಅಧ್ಯಯನ ಬೇಡದ ಆಪರೇಷನ್ ಮಾಡಬೇಡಿ ಎನ್ನಲು ಒಳ್ಳೆಯ ಆಧಾರ. ಬೇಕಾದದ್ದನ್ನು ತಡೆಯಲು ಅದನ್ನು ಬಳಸಬಾರದು.

ಬೇಡದ ಆಪರೇಷನ್‌ಗಳು ನಡೆಯುತ್ತಿದ್ದವೇ ಎಂದರೆ, ಯಥೇಚ್ಛವಾಗಿ. 1934ರಲ್ಲಿ ನ್ಯೂಯಾರ್ಕ್‌ನ ಹನ್ನೊಂದು ವರ್ಷದ ಸಾವಿರ ಶಾಲಾಮಕ್ಕಳನ್ನು ನೋಡಿದಾಗ 611 ಮಂದಿಯ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದವರನ್ನು ವೈದ್ಯರಿಗೆ ತೋರಿಸಿದರೆ ಶೇ. 45ರಷ್ಟು ಮಕ್ಕಳಿಗೆ ತೆಗೆಸಿ ಎಂದರು. ಬೇಡ ಎನಿಸಿಕೊಂಡವರನ್ನು ಬೇರೆ ವೈದ್ಯರಿಗೆ ತೋರಿಸಿದಾಗ ಅವರಲ್ಲೂ ಶೇ. 46 ಮಂದಿಗೆ ಬೇಕು ಎಂದರು. ಅಲ್ಲಿ ಉಳಿದವರನ್ನು ಮೂರನೆಯ ಸಲ ತೋರಿಸಿದರೆ ಮತ್ತೆ ಶೇ. 44! ಗಾತ್ರ ನೋಡಿ ತೀರ್ಮಾನಿಸಿದರೆ ಆಗುವುದೇ ಹೀಗೆ.

ಈಗ ಬಳಕೆಯಲ್ಲಿರುವ ಅಳತೆ ಹೆಚ್ಚು ಕಟ್ಟುನಿಟ್ಟು. ಸೋಂಕಿಗಾಗಿ ಟಾನ್ಸಿಲ್ ತೆಗೆಯಬೇಕಾದರೆ ಒಂದು ವರ್ಷದಲ್ಲಿ ಕನಿಷ್ಠ ಏಳು ಸಲ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ ಐದು ಸಲ, ಅಥವಾ ಮೂರು ವರ್ಷ ಸತತವಾಗಿ ವರ್ಷಕ್ಕೆ ಮೂರು ಸಲ ಗಂಟಲು ಸೋಂಕು ಆಗಿರಬೇಕು. ಪ್ರತಿ ಸಲವೂ ಗಂಟಲುನೋವಿನ ಜೊತೆ 38.3 ಡಿಗ್ರಿ ಸೆಲ್ಸಿಯಸ್ (101 ಫ್ಯಾರನ್‌ಹೀಟ್) ಮೀರಿದ ಜ್ವರ, ಕುತ್ತಿಗೆಯಲ್ಲಿ ಗಂಟು, ಟಾನ್ಸಿಲ್ ಮೇಲೆ ಕೀವು, ಪರೀಕ್ಷೆಯಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇವುಗಳಲ್ಲಿ ಒಂದಾದರೂ ಇರಬೇಕು, ಅದು ದಾಖಲಾಗಿಯೂ ಇರಬೇಕು. ನಿಮ್ಮ ಮಗನ ವರ್ಷಕ್ಕೆ ನಾಲ್ಕು ಈ ಲೆಕ್ಕಕ್ಕೆ ಬರುವುದಿಲ್ಲ. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು ಜೊತೆಗಿದ್ದರೆ ಅದು ಹೆಚ್ಚಾಗಿ ವೈರಸ್. ಆ ನಾಲ್ಕರಲ್ಲೂ ಅಂಥವು ಎಷ್ಟು ಸೇರಿಕೊಂಡಿವೆಯೋ ನೋಡಿ. ಇನ್ನು ಮುಂದೆ ಪ್ರತಿ ಸಲವೂ ತಾರೀಕು, ಥರ್ಮಾಮೀಟರ್ ತೋರಿಸಿದ ಅಂಕಿ, ಕೆಮ್ಮು ಇತ್ತೇ, ಯಾವ ಆಂಟಿಬಯಾಟಿಕ್ ಎಷ್ಟು ದಿನ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಗಂಟಲಿನ ಸ್ವಾಬ್ (ಹತ್ತಿಕಡ್ಡಿಯಿಂದ ತೆಗೆಯುವ ಮಾದರಿ) ತೆಗೆಯುವುದಿದ್ದರೆ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು.

ಸ್ಟ್ರೆಪ್ಟೊಕಾಕಸ್ ಎಂದು ಡಾಕ್ಟರು ಹೇಳಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆದುಕೊಟ್ಟರೆ ಹತ್ತು ದಿನದ ಕೋರ್ಸ್ ಮುಗಿಸಿ. ಮೂರನೇ ದಿನಕ್ಕೆ ಜ್ವರ ಇಳಿಯಿತೆಂದು ಬಾಟಲಿ ಮುಚ್ಚಿಟ್ಟರೆ ನೋವು ಹೋಗುತ್ತದೆ, ಬ್ಯಾಕ್ಟೀರಿಯಾ ಉಳಿಯಬಹುದು. ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡುವುದು ನಮ್ಮ ದೇಶದಲ್ಲಿ ಇನ್ನೂ ಇದೆ. ಟಾನ್ಸಿಲ್ ತೆಗೆಸಿದ ಮಾತ್ರಕ್ಕೆ ಆ ಅಪಾಯ ಹೋಗುವುದಿಲ್ಲ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಆಪರೇಷನ್ ಆಗಿದ್ದರೂ ಮೂರು ನಾಲ್ಕು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು.

ಹಾಗಾದರೆ ನಿಮ್ಮ ಡಾಕ್ಟರು ಹೇಳಿದ್ದು ತಪ್ಪೇ? ಹಾಗೆನ್ನಲಾರೆ, ಏಕೆಂದರೆ ಗೊರಕೆಯ ಲೆಕ್ಕವೇ ಬೇರೆ. ಅಲ್ಲಿ ಸೋಂಕಿನ ಸಂಖ್ಯೆ ಗಣನೆಗೆ ಬರುವುದಿಲ್ಲ. ಮಗು ನಿದ್ದೆ ಹೋದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಎಚ್ಚರವಿದ್ದಾಗ ಸಾಕಾಗುವ ದಾರಿ ಆಗ ಮುಚ್ಚಿಕೊಳ್ಳುತ್ತದೆ, ಆಮ್ಲಜನಕ ಇಳಿಯುತ್ತದೆ, ಮೆದುಳು ಮಗುವನ್ನು ಅರೆಎಚ್ಚರಕ್ಕೆ ತಂದು ಉಸಿರೆಳೆಸುತ್ತದೆ. ಇದು ರಾತ್ರಿಯಿಡೀ ನಡೆದರೆ ದೊಡ್ಡವರ ಹಾಗೆ ಮಕ್ಕಳು ತೂಕಡಿಸುವುದಿಲ್ಲ. ಬದಲಿಗೆ ಹಟ, ಒಂದೆಡೆ ಕೂರದ ಚಡಪಡಿಕೆ, ಪಾಠದಲ್ಲಿ ಗಮನವಿಲ್ಲದಿರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಬೆಳಗ್ಗೆ ತಲೆನೋವು, ತೂಕ ಏರದಿರುವುದು ಕಾಣುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮಗನಿಗೆ ನೆಗಡಿ ಇಲ್ಲದ ಒಂದೆರಡು ರಾತ್ರಿ, ಬೆಳಗಿನ ಜಾವ ಮೂರರಿಂದ ಐದರ ನಡುವೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಕನಸಿನ ನಿದ್ದೆ ಹೆಚ್ಚಿರುವುದು ಆಗಲೇ, ತೊಂದರೆ ಕಾಣುವುದೂ ಆಗಲೇ. ಮಲಗಿದ ಅರ್ಧ ಗಂಟೆಗೆ ಮಾಡಿದ ವಿಡಿಯೊ ಏನನ್ನೂ ಹೇಳದು. ಅಂಗಿಯ ಗುಂಡಿ ಬಿಚ್ಚಿ, ಮುಖ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲ ಕಾಣುವಂತೆ ಮಂದ ಬೆಳಕಿನಲ್ಲಿ ಹತ್ತು ನಿಮಿಷ ಹಿಡಿಯಿರಿ, ಶಬ್ದವೂ ದಾಖಲಾಗಲಿ. ಕುತ್ತಿಗೆ ಹಿಂದಕ್ಕೆ ಚಾಚಿದ್ದಾನೆಯೇ, ಉಸಿರೆಳೆದಾಗ ಹೊಟ್ಟೆ ಮೇಲೇಳುತ್ತಾ ಎದೆ ಒಳಕ್ಕೆ ಸೆಳೆಯುತ್ತಿದೆಯೇ, ಗೊರಕೆ ತಟ್ಟನೆ ನಿಂತು ಎದೆ ಹೊಟ್ಟೆ ಮಾತ್ರ ಎಗರಾಡಿ ಆಮೇಲೆ ಗೊರ್ ಎಂದು ಬಿಡುತ್ತಾನೆಯೇ ನೋಡಿ. ಮಕ್ಕಳಲ್ಲಿ ಎರಡು ಉಸಿರಾಟದಷ್ಟು ಹೊತ್ತು ಗಾಳಿ ನಿಂತರೂ ಅದು ಲೆಕ್ಕಕ್ಕೆ ಬರುತ್ತದೆ. ಆ ವಿಡಿಯೊ ಡಾಕ್ಟರಿಗೆ ತೋರಿಸಿ. ಸಂದೇಹ ಉಳಿದರೆ ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯಿಡೀ ಅಳೆಯುವ ನಿದ್ರಾ ಪರೀಕ್ಷೆ ಮಾಡಿಸಬಹುದು.

ಟಾರ್ಚ್ ಹಾಕಿ ಗಂಟಲು ನೋಡುವುದಾದರೆ ಚಮಚದಿಂದ ನಾಲಿಗೆ ಒತ್ತಬೇಡಿ. ಓಕರಿಕೆ ಬಂದ ಕ್ಷಣ ಟಾನ್ಸಿಲ್ ಎರಡೂ ನಡುವಿಗೆ ತಿರುಗಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಬಾಯಿ ತೆರೆದು "ಆ" ಅನ್ನಲಿ, ಸಾಕು. ಎರಡೂ ಸೇರಿ ದಾರಿಯ ಅಗಲದ ಕಾಲು ಭಾಗಕ್ಕಿಂತ ಕಡಿಮೆ ಆವರಿಸಿದರೆ ಒಂದನೇ ದರ್ಜೆ, ಮುಕ್ಕಾಲು ಮೀರಿದರೆ ನಾಲ್ಕನೆಯದು. ಮೂರು, ನಾಲ್ಕನೇ ದರ್ಜೆ ಇದ್ದೂ ನೆಮ್ಮದಿಯಾಗಿ ನಿದ್ದೆ ಮಾಡುವ ಮಕ್ಕಳಿದ್ದಾರೆ, ಅವರಿಗೆ ಏನೂ ಮಾಡಬೇಕಿಲ್ಲ. ಒಂದು ಕಡೆಯದು ಮಾತ್ರ ದೊಡ್ಡದಾಗಿದ್ದರೆ, ಬಾಯಿ ತೆರೆಯಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬೂದು ಬಣ್ಣದ ಪೊರೆ ಅಂಟಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಪೊರೆ ಗಂಟಲುಮಾರಿಯದಾಗಿರಬಹುದು (ಡಿಫ್ತೀರಿಯಾ). ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಈಚಿನ ವರ್ಷಗಳಲ್ಲೂ ಅದು ಕಂಡಿದೆ. ಅದನ್ನು ತಡೆಯಲು ಐದಾರು ವರ್ಷಕ್ಕೆ ಹಾಕುವ ಡಿಪಿಟಿ ಬೂಸ್ಟರ್ ಲಸಿಕೆ ನಿಮ್ಮ ಮಗನಿಗೆ ಆಗಿದೆಯೇ ನೋಡಿಕೊಳ್ಳಿ. ಕಿರುನಾಲಿಗೆ ಬಿದ್ದಿದೆಯೆಂದು ಬೆರಳು ಹಾಕಿ ಒತ್ತಿಸುವುದು ಬೇಡವೇ ಬೇಡ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ನೋವಿಗೆ ಹಿತ, ಗಾತ್ರ ಮಾತ್ರ ಕಡಿಮೆಯಾಗದು.

ತೊಂದರೆ ಸೌಮ್ಯವಾಗಿದ್ದರೆ ಕಾಯಬಹುದು. ಅಮೆರಿಕದಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ ಶೇ. 79, ಬರೀ ಕಾದು ನೋಡಿದವರಲ್ಲಿ ಶೇ. 46 ಮಕ್ಕಳ ನಿದ್ರಾ ಪರೀಕ್ಷೆ ಸಹಜಕ್ಕೆ ಬಂತು. ನಡತೆ, ನಿದ್ದೆ, ದಿನದ ಲವಲವಿಕೆ ಆಪರೇಷನ್ ಆದವರಲ್ಲಿ ಚೆನ್ನಾಗಿ ಸುಧಾರಿಸಿತು, ಗಮನದ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಕಾಯುವ ಅವಧಿಯಲ್ಲಿ ಡಾಕ್ಟರು ಮೊಮೆಟಸೋನ್ ಮೂಗಿನ ಸ್ಪ್ರೇ ಕೊಡಬಹುದು. ಈ ವಯಸ್ಸಿಗೆ ದಿನಕ್ಕೊಮ್ಮೆ ಒಂದೊಂದು ಹೊಳ್ಳೆಗೆ ಒಂದು ಸ್ಪ್ರೇ, ಆರರಿಂದ ಹನ್ನೆರಡು ವಾರ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ, ಕೊಳವೆಯ ತುದಿ ಕಿವಿಯ ಕಡೆಗಿರಲಿ. ನಡುಗೋಡೆಗೆ ತಾಗಿಸಿ ಹೊಡೆದರೆ ಮೂಗಿನಲ್ಲಿ ರಕ್ತ ಬರುತ್ತದೆ, ಔಷಧವೂ ವ್ಯರ್ಥ. ಅಡಿನಾಯ್ಡ್ ಹಾಗೂ ಅಲರ್ಜಿಗೆ ಇದು ಸಹಾಯಕ, ಟಾನ್ಸಿಲ್ ಗಾತ್ರದ ಮೇಲೆ ಹೆಚ್ಚು ನಂಬಿಕೆ ಬೇಡ. ಟಿವಿ ಶಬ್ದ ಜೋರು ಮಾಡುತ್ತಿದ್ದರೆ ಕಿವಿಯನ್ನೂ ತೋರಿಸಿ, ಅಡಿನಾಯ್ಡ್ ಕಿವಿನಾಳಕ್ಕೆ ಅಡ್ಡವಾದಾಗ ಕಿವಿಪರದೆಯ ಹಿಂದೆ ಅಂಟುನೀರು ನಿಂತು ಕೇಳುವುದು ಕಡಿಮೆಯಾಗುತ್ತದೆ.

ವಿಡಿಯೊದಲ್ಲಿ ಉಸಿರು ನಿಲ್ಲುವುದು ಕಂಡರೆ ಆಪರೇಷನ್‌ಗೆ ಒಪ್ಪಿ. ಉಸಿರಿಗೆ ಅಡ್ಡಿ ಮಾತ್ರ ಕಾರಣವಾದರೆ ಟಾನ್ಸಿಲ್‌ನ ಹೊರಪೊರೆ ಉಳಿಸಿ ಒಳಭಾಗವನ್ನಷ್ಟೇ ತೆಗೆಯುವ ವಿಧಾನ ಸಾಧ್ಯವೇ ಎಂದು ಕೇಳಿ. ನೋವು, ರಕ್ತಸ್ರಾವ ಕಡಿಮೆ, ಕೆಲವರಲ್ಲಿ ಸ್ವಲ್ಪ ಮತ್ತೆ ಬೆಳೆಯಬಹುದು. ಕಿರುನಾಲಿಗೆ ಎರಡಾಗಿ ಸೀಳಿದಂತಿದ್ದರೆ ಮೊದಲೇ ಹೇಳಿ, ಅಂಥ ಮಕ್ಕಳ ಅಡಿನಾಯ್ಡ್ ಪೂರ್ತಿ ತೆಗೆದರೆ ಮಾತು ಮೂಗಿನಲ್ಲಿ ಬರಬಹುದು. ಆರು ವರ್ಷವಾದ್ದರಿಂದ ಅಲ್ಲಾಡುವ ಹಾಲುಹಲ್ಲು ಇದ್ದರೆ ಅನಸ್ತೇಶಿಯಾ ಡಾಕ್ಟರಿಗೆ ತಿಳಿಸಬೇಕು. ಗಾಯವಾದರೆ ರಕ್ತ ಬೇಗ ನಿಲ್ಲದಿರುವುದು ಮನೆತನದಲ್ಲಿ ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಆಪರೇಷನ್‌ಗೆ ಮುಂಚಿನ ಆರು ಗಂಟೆ ಊಟ, ಹಾಲು ಇಲ್ಲ, ನೀರು ಎಷ್ಟು ಹೊತ್ತಿನವರೆಗೆ ಎಂದು ಅವರನ್ನೇ ಕೇಳಿ.

ಮನೆಗೆ ಬಂದ ಮೇಲೆ ಟಾನ್ಸಿಲ್ ಇದ್ದ ಜಾಗದಲ್ಲಿ ಬಿಳಿ ಪದರ ಕಟ್ಟುತ್ತದೆ, ಬಾಯಿ ವಾಸನೆ ಬರುತ್ತದೆ. ಅದು ಕೀವಲ್ಲ, ಕೆರೆಯಬೇಡಿ. ಕಿವಿನೋವು ಎಂದು ಅತ್ತರೆ ಕಿವಿಗೆ ಎಣ್ಣೆ ಬಿಡಬೇಡಿ, ಗಂಟಲಿನ ನೋವೇ ಅದೇ ನರದ ಮೂಲಕ ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ನೋವು ಮೂರರಿಂದ ಐದನೇ ದಿನ ಹೆಚ್ಚಿ ಹತ್ತು ದಿನದ ಹೊತ್ತಿಗೆ ಇಳಿಯುತ್ತದೆ. 18 ಕೆಜಿಗೆ ಪ್ಯಾರಸಿಟಮಾಲ್ ಒಂದು ಸಲಕ್ಕೆ 250 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. 5 ಮಿಲಿಯಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ, ಬಾಟಲಿಯ ಮೇಲೆ ಓದಿಯೇ ಅಳೆಯಿರಿ. ಆಸ್ಪಿರಿನ್, ಕೋಡೀನ್ ಕೊಡಬಾರದು. ಐಸ್‌ಕ್ರೀಂ ಕಡ್ಡಾಯವೇನಲ್ಲ. ಮೊಸರನ್ನ, ಇಡ್ಲಿ, ತಣಿದ ರಾಗಿ ಅಂಬಲಿ ಎಲ್ಲ ಆಗುತ್ತದೆ, ಚಕ್ಕುಲಿ ಕೋಡುಬಳೆ ಎರಡು ವಾರ ಬೇಡ. ನುಂಗಿದಷ್ಟೂ ಬೇಗ ಮಾಯುತ್ತದೆ, ನೀರು ಕುಡಿಯದ ಮಗುವಿಗೆ ನೋವೂ ಹೆಚ್ಚು.

ಐದರಿಂದ ಹತ್ತನೇ ದಿನದ ನಡುವೆ ಆ ಬಿಳಿ ಪದರ ಉದುರುವಾಗ ರಕ್ತ ಬರುವ ಸಂಭವವಿದೆ. ಮಗು ನಿದ್ದೆಯಲ್ಲಿ ಮೇಲಿಂದ ಮೇಲೆ ನುಂಗುತ್ತಿದ್ದರೆ ಎಬ್ಬಿಸಿ ಟಾರ್ಚ್ ಹಾಕಿ ನೋಡಿ. ಹೊಸ ಕೆಂಪು ರಕ್ತ ಸ್ವಲ್ಪವೇ ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗಾಗಿ ಎರಡು ವಾರ ಶಾಲೆ ಬೇಡ, ಆಸ್ಪತ್ರೆ ದೂರವಿರುವ ಊರಿಗೆ ಜಾತ್ರೆ, ಮದುವೆ ಎಂದು ಹೊರಡುವುದೂ ಬೇಡ. ಮುಂದಿನ ಲಸಿಕೆಗಳನ್ನು ವೇಳಾಪಟ್ಟಿಯಂತೆಯೇ ಹಾಕಿಸಿ, ಟಾನ್ಸಿಲ್ ಇಲ್ಲದ ಮಗುವಿಗೆ ಬೇರೆ ಪಟ್ಟಿ ಇಲ್ಲ. ಎರಡು ತಿಂಗಳ ನಂತರ ಮತ್ತೆ ಅದೇ ಬೆಳಗಿನ ಜಾವದ ವಿಡಿಯೊ ಮಾಡಿ ನೋಡಿ. ಗೊರಕೆ ಉಳಿದಿದ್ದರೆ ಮೂಗಿನ ಅಲರ್ಜಿಗೆ ಚಿಕಿತ್ಸೆ ಬೇಕೇ, ಅಡಿನಾಯ್ಡ್ ಮತ್ತೆ ಬೆಳೆದಿದೆಯೇ ಎಂದು ಇಎನ್‌ಟಿ ಡಾಕ್ಟರು ಹುಡುಕಬೇಕಾಗುತ್ತದೆ.